ಅವನ ಪಾಲಿನ ನೀರು

ಕೋಟಿನ ಬೆನ್ನನ್ನು ಕತ್ತರಿಸಲೇಬೇಕಾಯಿತು. ಸೆಟೆದುಕೊಂಡ ತೋಳುಗಳು ಬೇರೆ ಹೇಗೂ ಒಳಗೆ ಹೋಗುವಂತಿರಲಿಲ್ಲ. ಟೈಲರಮ್ಮ ತಾನೇ ಹೊಲಿದಿದ್ದ ಕೋಟನ್ನು ಉದ್ದಕ್ಕೂ ಸೀಳಿ, ಎರಡು ಕಡೆಯಿಂದ ತೊಡಿಸಿ, ಅಂಚುಗಳನ್ನು ಬೆನ್ನಿನಡಿ ಮಡಚಿ ಸಿಕ್ಕಿಸಿದಳು. ಮುಂದಿನಿಂದ ನೋಡಿದವರಿಗೆ ಏನೂ ಗೊತ್ತಾಗುವಂತಿರಲಿಲ್ಲ.

"ದಪ್ಪ ಆಗಲ್ಲ ಅಂತ ಮಾತು ಕೊಟ್ಟಿದ್ರಿ ಮಾಮ. ಈಗ ನೋಡಿ, ಗುಂಡಿನೂ ಹಾಕೋಕಾಗ್ತಿಲ್ಲ," ಎಂದು ಹೆಣವನ್ನೇ ಗದರಿದಳು. ಗದರುತ್ತಲೇ ಅತ್ತಳು.

ಸತ್ತವನು ಒಂದು ಕಾಲಕ್ಕೆ ಸರಕಿನ ಹಡಗಿನಲ್ಲಿ ಅಡುಗೆಯವನಾಗಿದ್ದ. ಟೈಲರಮ್ಮ ಅವನ ಮಗಳಲ್ಲ, ಅದೇ ಹಡಗಿನ ಇಂಜಿನ್ ಮೇಸ್ತ್ರಿಯ ಮಗಳು. ಹಡಗು ಮುಳುಗಿ ಮೇಸ್ತ್ರಿ ತೀರಿಹೋದಾಗ ಅವಳಿಗೆ ಒಂಬತ್ತು ವರ್ಷ. ಎರಡು ವರ್ಷಕ್ಕೆ ತಾಯಿಯೂ ಹೋದಳು. ಆಮೇಲೆ ಮಕ್ಕಳಿಲ್ಲದ ಈ ಮನೆಯಲ್ಲೇ ಬೆಳೆದಳು. ಅಪ್ಪ ಪಾರಾಗಲು ಹತ್ತಿದ ದೋಣಿಯಲ್ಲಿ ನಿದ್ದೆಯಲ್ಲೇ ಕಣ್ಣುಮುಚ್ಚಿದರು ಎಂದು ಅವಳಿಗೆ ಹೇಳಿದವಳು ಅಡುಗೆಯವನ ಹೆಂಡತಿ. ಆ ಹೆಂಡತಿ ಈಗ ಮಂಚದ ಕಾಲಬಳಿ ಕೂತು, ಕತ್ತರಿ ಹಿಡಿದ ಕೈಯನ್ನೇ ನೋಡುತ್ತಿದ್ದಳು.

ಹೊರಕೋಣೆಯಲ್ಲಿ ನೆರೆಹೊರೆಯವರು ಸತ್ತವನ ಗುಣಗಾನಕ್ಕೆ ಕೂತಿದ್ದರು.

"ಇಲ್ಲಿ ಒಂದು ಲೋಟ ನೀರು ಕೇಳಿದ್ರೆ ತುಂಬಿದ ಜಗ್ಗೇ ಬರ್ತಿತ್ತು," ಎಂದಳು ಪಕ್ಕದ ಮನೆಯವಳು. "ಸಾಕು ಅಂದ್ರೂ ಬಿಡ್ತಿರಲಿಲ್ಲ ಪುಣ್ಯಾತ್ಮ."

"ಅದೆಲ್ಲಾ ಸರಿ. ಚರ್ಚಲ್ಲಿ ಪ್ರಭುಭೋಜನದ ರೊಟ್ಟಿ-ದ್ರಾಕ್ಷಾರಸಕ್ಕೆ ಮಾತ್ರ ಒಂದಿನಾನೂ ಎದ್ದು ಹೋಗ್ಲಿಲ್ಲ ನೋಡು," ಎಂದ ಅವಳ ಗಂಡ. "ಮೂವತ್ತು ವರ್ಷದಿಂದ ಕೊನೇ ಬೆಂಚು ಬಿಟ್ಟು ಅಲ್ಲಾಡಲಿಲ್ಲ ಆಸಾಮಿ."

"ಅವನ ಕೈಯಲ್ಲಿ ನೀರಿನ ಡಬ್ಬ ಇದ್ದದ್ದಕ್ಕೇ ನಾವು ಐದು ಜನ ಬದುಕಿದ್ದು," ಎಂದ ಮೂಲೆಯಲ್ಲಿದ್ದ ಮುದುಕ. ಅದೇ ಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದ ಅವನನ್ನು ಎಲ್ಲರೂ ಚುಕ್ಕಾಣಿ ತಾತ ಎನ್ನುತ್ತಿದ್ದರು. ಒಳಗಿನಿಂದ ಸತ್ತವನ ಹೆಂಡತಿ ಅವನತ್ತ ಒಮ್ಮೆ ನೋಡಿದಳು. ತಾತ ಬಾಯಿ ಮುಚ್ಚಿಕೊಂಡ.

*

ಹಡಗು ಮುಳುಗಿದಾಗ ದೋಣಿಯಲ್ಲಿ ಆರು ಜನ, ಒಂದೇ ಡಬ್ಬ ನೀರು. ಅಳತೆ ಗೊತ್ತಿದ್ದವನೆಂದು ಡಬ್ಬವನ್ನು ಅಡುಗೆಯವನ ಕೈಗೆ ಕೊಟ್ಟಿದ್ದರು. ದಿನಕ್ಕೆ ತಲೆಗೆ ಮೂರು ಮುಚ್ಚಳ. ಇಂಜಿನ್ ಕೋಣೆಯ ಹಬೆಗೆ ಬೆಂದುಹೋಗಿದ್ದ ಮೇಸ್ತ್ರಿ ಉಳಿಯುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಐದನೆಯ ದಿನ ಬೆಳಿಗ್ಗೆ ಅಡುಗೆಯವನು ಅವನ ಪಾಲು ನಿಲ್ಲಿಸಿದ. ಯಾರೂ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಎಲ್ಲರೂ ಸಮುದ್ರ ನೋಡಿದರು.

ಮೇಸ್ತ್ರಿ ಮೂರು ಸಲ ನೀರು ಕೇಳಿದ. ಸಂಜೆಗೆ ಹೋಗಿಬಿಟ್ಟ. ಮರುದಿನ ಮಧ್ಯಾಹ್ನವೇ ಮೀನುಗಾರರು ಬಂದು ಉಳಿದವರನ್ನು ಎತ್ತಿಕೊಂಡರು. ಡಬ್ಬದಲ್ಲಿ ಇನ್ನೂ ಕಾಲು ಭಾಗ ನೀರಿತ್ತು.

"ಐದು ಜೀವ ಉಳಿಸಿದ್ದೀರಿ," ಎಂದಿದ್ದಳು ಹೆಂಡತಿ, ಅವನು ಮನೆಗೆ ಬಂದ ವಾರದಲ್ಲಿ.

"ಆ ಲೆಕ್ಕ ಸರಿ ಕಣೇ. ಬೇರೆಯವರ ಪಾಲು ಅವನಿಗೆ ಕೊಡೋಕೆ ನಂಗೆ ಹಕ್ಕಿರಲಿಲ್ಲ. ಆದ್ರೆ ನನ್ನ ಪಾಲು ನಂದೇ ಅಲ್ವಾ? ಅವನು ಕೇಳ್ತಾನೇ ಇದ್ದ, ನಾನು ಅವನೆದುರಿಗೇ ಕುಡಿದೆ. ಶಿಲುಬೆ ಮೇಲಿದ್ದೋನೂ ಬಾಯಾರಿಕೆ ಅಂತಲೇ ಅಂದಿದ್ದು. ಆ ಹುಡುಗಿಗೆ ಹೇಳದೆ ಯಾವ ಮುಖ ಇಟ್ಕೊಂಡು ನಾನು ಪ್ರಭುವಿನ ಮೇಜಿನ ಹತ್ರ ಹೋಗ್ಲಿ?"

"ದೇವರು ಕ್ಷಮಿಸ್ತಾನೆ ಬಿಡಿ."

"ದೇವರ ಕ್ಷಮೆ ಮಾತಲ್ಲ ನಾನು ಆಡ್ತಿರೋದು, ಆ ಹುಡುಗೀದು."

ಇನ್ನೂ ಚಿಕ್ಕವಳು ಎಂದಳು ಹೆಂಡತಿ. ಪರೀಕ್ಷೆ ಮುಗೀಲಿ ಎಂದಳು. ಮದುವೆ ಆಗ್ಲಿ ಎಂದಳು. ಬಾಣಂತಿಗೆ ಇಂಥದ್ದೆಲ್ಲ ಹೇಳಬಾರದು ಎಂದಳು. ನೆಪಕ್ಕೆಂದೂ ಬರಗಾಲ ಬರಲಿಲ್ಲ. ನಿಜವಾದ ಕಾರಣ ಒಂದೇ: ತಿಳಿದ ಮೇಲೆ ಹುಡುಗಿ ಈ ಮನೆಗೆ ಕಾಲಿಡದೆ ಹೋದರೆ? ಅವನು ಹೆಂಡತಿಯ ಮಾತು ಮೀರಲಿಲ್ಲ. ಕಳೆದ ವಾರ ಆಸ್ಪತ್ರೆಯಲ್ಲಿ, "ಇವತ್ತಾದ್ರೂ ಅವಳನ್ನ ಕರಿ, ಹೇಳಿಬಿಡ್ತೀನಿ," ಎಂದಿದ್ದ.

"ಮೊದ್ಲು ಹುಷಾರಾಗಿ," ಎಂದು ಅವಳು ಹೊದಿಕೆ ಸರಿಮಾಡಿದ್ದಳು.

*

ಶವಪೆಟ್ಟಿಗೆ ಮುಚ್ಚುವ ಮೊದಲು ಒಂದು ಮಾತು ಹೇಳುವುದು ಈ ಪಾದ್ರಿಯ ಪದ್ಧತಿ.

"ಇವರ ಮೇಲೆ ಯಾರಿಗಾದರೂ ಮನಸ್ತಾಪ ಇದ್ದರೆ ಇಲ್ಲೇ ಬಿಟ್ಟುಬಿಡಿ. ಸಮಾಧಿತನಕ ಹೊತ್ಕೊಂಡು ಬರಬೇಡಿ."

ಸಾಮಾನ್ಯವಾಗಿ ಯಾರೂ ಮಾತಾಡುತ್ತಿರಲಿಲ್ಲ. ಒಬ್ಬಿಬ್ಬರು ಕೆಮ್ಮುತ್ತಿದ್ದರು, ಅಷ್ಟೆ. ಇವತ್ತು ಟೈಲರಮ್ಮ ಮುಂದೆ ಬಂದಳು.

"ನಂಗೇನೂ ಇಲ್ಲ ಅಯ್ಯನವರೇ. ಏನಾದ್ರೂ ಇದ್ರೂ ಎಲ್ಲಾ ಹೊಟ್ಟೇಲಿ ಹಾಕ್ಕೊಂಡೆ. ನಮ್ಮಪ್ಪನಿಗಿಂತ ಹೆಚ್ಚು ಇವರು ನಂಗೆ."

"ಮುಚ್ಚಲಾ?" ಎಂದು ಬಡಗಿ ಹಲಗೆ ಎತ್ತಿದ.

ಹೆಂಡತಿ ಹಲಗೆಗೆ ಕೈ ಅಡ್ಡ ಇಟ್ಟಳು. ಹುಡುಗಿ ಆಡಿದ ಈ ಮಾತಿಗಾಗಿಯೇ ಗಂಡ ಮೂವತ್ತು ವರ್ಷ ಕಾದಿದ್ದ. ಆದರೆ ವಿಷಯ ಗೊತ್ತಿಲ್ಲದವಳ ಕ್ಷಮೆ ಅವನಿಗೆ ಬೇಡವಾಗಿತ್ತು. ಅಂಥದ್ದು ಸಾಕಾಗಿದ್ದರೆ ಎಂದೋ ಸಿಗುತ್ತಿತ್ತು.

"ತಾಳಪ್ಪ," ಎಂದಳು ಬಡಗಿಗೆ. "ಮಗಳೇ, ನಿಮ್ಮಪ್ಪ ನಿದ್ದೆಯಲ್ಲಿ ಹೋಗಲಿಲ್ಲ."

ನಿಂತಲ್ಲೇ ಎಲ್ಲವನ್ನೂ ಹೇಳಿದಳು. ನಿಲ್ಲಿಸಿದ ಪಾಲು, ಮೂರು ಸಲ ಕೇಳಿದ್ದು, ಎದುರಿಗೇ ಕುಡಿದದ್ದು, ಉಳಿದ ಕಾಲು ಡಬ್ಬ ನೀರು. "ಇವರು ಹೇಳ್ತೀನಿ ಹೇಳ್ತೀನಿ ಅಂತಾನೇ ಇದ್ರು. ತಡೆದವಳು ನಾನು. ನೀನು ಹೋಗಿಬಿಡ್ತೀಯ ಅಂತ."

"ಅವನೊಬ್ಬನೇ ಅಲ್ಲಮ್ಮ," ಎಂದ ಚುಕ್ಕಾಣಿ ತಾತ, ಗೋಡೆ ಹಿಡಿದು ಏಳುತ್ತಾ. "ನಾನೂ ಕುಡಿದೆ. ಅವನೆದುರಿಗೇ."

ಟೈಲರಮ್ಮ ತಾತನ ಕಡೆ ತಿರುಗಿದಳು. "ಅಪ್ಪ ಏನಂತ ಕೇಳಿದ್ರು?"

ತಾತ ಸತ್ತವನ ಹೆಂಡತಿಯ ಮುಖ ನೋಡಿದ. ಈ ಸಲ ಅವಳು ತಡೆಯಲಿಲ್ಲ.

"ಮಗಳ ಮುಖ ನೋಡಬೇಕು, ಅಲ್ಲೀತನಕ ಆಗೋಷ್ಟು ಕೊಡು ಅಂದ."

ಇದು ಹೆಂಡತಿಗೂ ಗೊತ್ತಿರಲಿಲ್ಲ. ಗಂಡ ಇದೊಂದನ್ನು ತನಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದ. ಅವಳು ಪೆಟ್ಟಿಗೆಯ ಅಂಚು ಹಿಡಿದುಕೊಂಡಳು.

ಟೈಲರಮ್ಮ ಪಾದ್ರಿಯನ್ನು ಕೇಳಿದಳು: "ಅಯ್ಯನವರೇ, ಆಗ್ಲೇ ನಾನು ಹೇಳಿದ್ದನ್ನ ವಾಪಸ್ ತಗೋಬಹುದಾ?"

ಪಾದ್ರಿ ಪುಸ್ತಕ ಮುಚ್ಚಿದರು. ಇಂಥ ಪ್ರಶ್ನೆ ಅವರಿಗೆ ಎಂದೂ ಬಂದಿರಲಿಲ್ಲ. "ತಗೋಬಹುದಮ್ಮ. ಕೊಟ್ಟೋಳು ನೀನು."

"ಹಾಗಾದ್ರೆ ತಗೊಂಡೆ."

ಹೆಂಡತಿ ಅವಳ ಭುಜ ಮುಟ್ಟಿದಳು. ಟೈಲರಮ್ಮ ಆ ಕೈಯನ್ನು ಕೊಡವಲಿಲ್ಲ, ಅದಕ್ಕೆ ಒರಗಲೂ ಇಲ್ಲ.

"ಹೋಗ್ತೀಯಾ ಮಗಳೇ?"

"ಗೊತ್ತಿಲ್ಲ ಅತ್ತೆ. ಈಗಲೇ ಮುಚ್ಚಬೇಡಿ, ಅಷ್ಟೇ."

ಅವಳು ಗೋಡೆ ಬದಿಯ ಕುರ್ಚಿಯೊಂದನ್ನು ಎಳೆದು, ಪೆಟ್ಟಿಗೆಯ ಪಕ್ಕ ಅವನ ತಲೆಯ ಹತ್ತಿರ ಹಾಕಿಕೊಂಡು, ಕಾಯಿಲೆಯವರನ್ನು ನೋಡಲು ಬಂದವಳ ಹಾಗೆ ಕೂತಳು. ಬಡಗಿ ಹಲಗೆಯನ್ನು ಗೋಡೆಗೆ ಆನಿಸಿ, ಕೈಯಲ್ಲಿದ್ದ ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡ. ಹೊರಗೆ, ಹೆಣ ಒಯ್ಯಲು ಬಂದು ಅಷ್ಟು ಹೊತ್ತಿನಿಂದ ಗುರುಗುಡುತ್ತಿದ್ದ ಗಾಡಿಯ ಇಂಜಿನ್ನನ್ನು ಡ್ರೈವರ್ ಆರಿಸಿದ.