ಮಠದ ಮೊದಲ ಸಾಲು

ಗೊಲ್ಲಾಳಮ್ಮನನ್ನು ಗೋಡೆಗೆ ಆನಿಸಿ ಕೂರಿಸಿ, ತಲೆ ವಾಲದಂತೆ ಸೊಸೆ ಮಲ್ಲೇಶ್ವರಿ ಹಣೆಗೆ ಬಟ್ಟೆ ಕಟ್ಟುತ್ತಿದ್ದಳು.

“ಹಿಂಗ ಸುಮ್ಮ ಕುಂತಿದ್ದು ನಾ ನೋಡೇ ಇಲ್ಲವ್ವ,” ನೆರೆಮನೆಯ ಖುರ್ಷೀದಬೇಗಂ ಕಣ್ಣೊರೆಸಿಕೊಂಡಳು. “ನನ್ನ ನಿಕಾದಾಗೂ ನಿಂತೇ ಉಂಡಾಳ.”

ಅಂಗಳದಲ್ಲಿ ಗಂಡಸರು ಸತ್ತವಳಿಗಿಂತ ಹೆಚ್ಚಾಗಿ ಹದದ ಮಾತಾಡುತ್ತಿದ್ದರು. ಮೊನ್ನೆಯ ಮಳೆಗೆ ಕರಿಮಣ್ಣು ಹಿಂಗಾರಿ ಜೋಳಕ್ಕೆ ಸರಿಯಾಗಿ ಬಂದಿತ್ತು; ಇನ್ನೆರಡು ಬಿಸಿಲು ಕಂಡರೆ ಹಸಿ ಆರಿ ಮುಗಿಯಿತು. ಆದರೆ ಮಠದ ಹೊಲದಲ್ಲಿ ಎತ್ತಿನ ಕೂರಿಗೆ ಹರಿಯದೆ ಊರಲ್ಲಿ ಯಾರೂ ಬಿತ್ತುವಂತಿಲ್ಲ. ಸುರಪುರದ ದೊರೆಗಳ ಕಾಲದಲ್ಲಿ ಬೀಜವಿಲ್ಲದ ಊರಿಗೆ ಮಠದವರು ನೆಲದೊಳಗಿನ ಹಗೇವು ತೆರೆದು ಜೋಳ ಕೊಟ್ಟರಂತೆ. ಆ ಮರ್ಯಾದೆ ಟ್ರ್ಯಾಕ್ಟರ್ ಬಂದ ಮೇಲೂ ಉಳಿದಿತ್ತು. ಆ ಮೊದಲ ಸಾಲಿಗೆ ನಲವತ್ತೊಂದು ವರ್ಷ ಕಾಳು ಬಿಟ್ಟವಳೇ ಈಗ ಗೋಡೆಗೆ ಆನಿಕೊಂಡಿದ್ದಳು.

“ಮೂರು ದಿನ ಎತ್ತು ಹೂಡಂಗಿಲ್ಲ,” ಎಂದ ಊರ ಹಿರಿಯ ಬಸವಂತ್ರಾಯ. “ಸೂತಕ.”

ಮಲ್ಲೇಶ್ವರಿ ಹೊರಗೆ ಬಂದಳು. “ಇವತ್ತೇ, ಮಣ್ಣಾದ ಮ್ಯಾಲ, ನಾ ಬಿಡತೀನ್ರಿ ಕಾಕಾ ಕಾಳ.”

“ಸೊಸಿಗಿ ಭಾಳ ಅವಸರ ಆಗೇದ,” ಯಾರೋ ಗೊಣಗಿದರು.

*

ಮದುವೆಯಾಗಿ ಬಂದ ವರ್ಷ, ಎರಡನೆಯ ಸಾಲಿಗೆ, ಅತ್ತೆ ಅವಳ ಮುಷ್ಟಿಗೆ ಜೋಳ ತುಂಬಿ ಕೂರಿಗೆಯ ಕಾಳಿಳಿಯುವ ಬಟ್ಟಲ ಮೇಲೆ ಹಿಡಿಸಿದ್ದಳು. ಬೆರಳು ಸಡಿಲಾದರೆ ಕಾಳು ಗುಂಪು. ಬಿಗಿಯಾದರೆ ಸಾಲು ಬೋಳು. ಮಲ್ಲೇಶ್ವರಿ ಸೀನಿದಳು. ಪೈರೆದ್ದಾಗ ಎರಡು ಮಾರು ಖಾಲಿ. ಸುಗ್ಗಿಯವರೆಗೂ ಊರು ಅದನ್ನು ‘ಮಲ್ಲೇಶಿ ಬಾಗಲ’ ಎಂದು ಹೋಗಿಬರುವವರಿಗೆಲ್ಲ ತೋರಿಸಿತು.

“ನಗಲಿ ಬಿಡು,” ಎಂದಿದ್ದಳು ಅತ್ತೆ. “ನಂದು ಅಂಥವು ಮೂರು ಬಾಗಲ ಇದ್ವು. ನೋಡಿದೋರೆಲ್ಲ ಸತ್ತಾರ.”

*

ಮಠದ ಅಪ್ಪಾರು ಬಂದರು. ಬಸವಂತ್ರಾಯ ಪಾದ ಮುಟ್ಟಿ ಸೂತಕದ ಮಾತೆತ್ತಿದ.

“ಲಿಂಗ ಕಟ್ಟಿದೋರಿಗಿ ಸೂತಕಿಲ್ಲಂತ ನಮ್ಮ ಮಠ ನಿಮ್ಮ ಮುತ್ಯಾನ ಕಾಲದಿಂದ ಹೇಳಾಕತ್ತದ. ನೀವು ಕೈ ಮುಗದು ಕೇಳತೀರಿ, ಮನಿಗಿ ಹೋಗಿ ಸಗಣಿ ಸಾರಸತೀರಿ.” ಅಪ್ಪಾರು ಮಲ್ಲೇಶ್ವರಿಯತ್ತ ತಿರುಗಿದರು. “ಕೈ ನಡಗೂದಿಲ್ಲಲ್ಲವ್ವ?”

“ನಡಗತದ್ರಿ ಅಪ್ಪಾರ. ಕಾಳ ಬೀಳಾಕ ಅಷ್ಟು ನಡಗಬೇಕಲ್ರಿ.”

ಮೂರರ ಹೊತ್ತಿಗೆ ಸಮಾಧಿಗೆ ಕೊನೆಯ ಹಿಡಿ ಮಣ್ಣು ಬಿತ್ತು. ಗಂಡ ಶಿವರಾಜ ತಾಯಿಯ ಗುಂಡಿಯಿಂದ ಎದ್ದು ಬಂದು, ಮಠದ ಹೊಲದಲ್ಲಿ ಕೂರಿಗೆ ಹೂಡಿ ಎತ್ತು ಹೊಡೆದ. ಮಲ್ಲೇಶ್ವರಿ ಬಟ್ಟಲನ್ನು ಬಿಟ್ಟು ಬೇರೆ ನೋಡಲಿಲ್ಲ. ಸಾಲಿನ ತುದಿಯಲ್ಲಷ್ಟೇ ತಲೆಯೆತ್ತಿದಳು.

ಸುತ್ತಲ ಬದುಗಳ ಮೇಲೆ ಊರಿಗೆ ಊರೇ ಕೂರಿಗೆ ಹೂಡಿ ನಿಂತಿತ್ತು. ಎರಡು ಟ್ರ್ಯಾಕ್ಟರುಗಳು ಸದ್ದಡಗಿಸಿದ್ದವು. ಎಲ್ಲರಿಗಿಂತ ಮುಂದೆ ಬಸವಂತ್ರಾಯ, ಮೊಣಕಾಲ ಮೇಲಿನ ಸಮಾಧಿಯ ಮಣ್ಣು ಇನ್ನೂ ತೊಳೆಯದೆ, ಹಗ್ಗ ಹಿಡಿದು, ಅವಳು ಯಾವಾಗ ‘ಹೂಂ’ ಅನ್ನುತ್ತಾಳೋ ಎಂದು ಕಾಯುತ್ತಿದ್ದ.