ಬಾಯಿಗೆ ಹಾಲು

ಸೋದರಮಾವ ಬೋರಲಿಂಗಯ್ಯ ಎರಡನೇ ಸಲ ಗಂಟು ಹಾಕಿದ. ನಟರಾಜುವಿನ ಹೆಣದ ಕಾಲಿನ ಹೆಬ್ಬೆರಳುಗಳಿಂದ ದಾರ ಮತ್ತೆ ಜಾರಿತು.

"ಉಗುರೇ ಇಲ್ವಲ್ಲವ್ವ, ದಾರ ಎಲ್ ನಿಂತದು?"

"ಓಡೋಡಿ ಉದುರೋದ್ವು, ಮತ್ತೆ ಬರ್ಲೇ ಇಲ್ಲ ಕಣಣ್ಣ," ಎಂದಳು ತಾಯಿ ಮಾಯಮ್ಮ.

ಚಪ್ಪರದ ಕಂಬಕ್ಕೆ ಒರಗಿದ್ದವನೊಬ್ಬ ಪಕ್ಕದವನಿಗೆ, "ಓಡಿದ್ದು ಇವನೇನ್ಲಾ, ಮಾತ್ರೆ ಅಲ್ವಾ?" ಎಂದ. ಪಕ್ಕದವನು ನಗೆ ತಡೆಯಲು ಟವೆಲ್ಲಿನಿಂದ ಬಾಯಿ ಒರೆಸಿಕೊಂಡ.

ಹೆಂಡತಿ ಲತಾಮಣಿಗೆ ಕೇಳಿಸಿತು. ನಾಲ್ಕು ವರ್ಷದಿಂದ ಕೇಳಿಸುತ್ತಿತ್ತು. ದೊಡ್ಡಆಲಹಳ್ಳಿಯಲ್ಲಿ 'ಮಾತ್ರೆ ನಟ' ಎಂದರೆ ಮನೆ ತೋರಿಸುತ್ತಿದ್ದರು. ನಟರಾಜು ಎಂದರೆ ಯಾವ ನಟರಾಜು ಎನ್ನುತ್ತಿದ್ದರು.

ಕನಕಪುರದ ಕಡೆಯಿಂದ ಬಂದ ಕಾರು ನಿಂತಿತು. ಕೋಚ್ ಜಯಕುಮಾರ್ ಇಳಿದ. ಜೊತೆಯವರಿಬ್ಬರು ಫ್ಲೆಕ್ಸ್ ತಂದು ಕಟ್ಟಿದರು. 'ನಮ್ಮ ಮ್ಯಾರಥಾನ್ ಹುಲಿಗೆ ಶ್ರದ್ಧಾಂಜಲಿ.' ಹುಲಿಯ ಪಟಕ್ಕಿಂತ ಜಯಕುಮಾರನ ಪಟ ದೊಡ್ಡದಿತ್ತು.

*

ಮದುವೆಯಾದ ಹೊಸತು. ಜಯಕುಮಾರನ ಕೋಣೆಯಲ್ಲಿ ಬೆವರು, ಮುಲಾಮು, ಹಳೆಯ ಸಾಕ್ಸಿನ ವಾಸನೆ.

"ಬಾಯ್ ತೆಗಿಯೋ. ವಿಟಮಿನ್ನು."

ನಟರಾಜು ಬಾಯಿ ತೆರೆದ. ಜಯಕುಮಾರ್ ತನ್ನ ಕೈಯಾರೆ ಮಾತ್ರೆಯನ್ನು ಅವನ ನಾಲಿಗೆಯ ಮೇಲಿಟ್ಟ.

"ಏನ್ ಮಾತ್ರೆ ಅಂತ ಕೇಳ್ಬಾರ್ದಾ?" ಎಂದಳು ಬಾಗಿಲಲ್ಲಿ ನಿಂತು ನೋಡಿದ್ದ ಲತಾಮಣಿ, ಮನೆಗೆ ಮರಳುವ ದಾರಿಯಲ್ಲಿ.

"ತೀರ್ಥ ಕೊಟ್ಟಾಗ ಯಾವ್ ಬಾವಿ ನೀರು ಅಂತ ಕೇಳ್ತಾರೇನೆ?"

ನಟರಾಜು ಮ್ಯಾರಥಾನ್ ಗೆದ್ದ. ಮೂತ್ರದ ಪರೀಕ್ಷೆಯಲ್ಲಿ ಉದ್ದೀಪನ ಮದ್ದು ಕಂಡು ಸಿಕ್ಕಿಬಿದ್ದ. ನಾಲ್ಕು ವರ್ಷ ನಿಷೇಧ. ಅವನು ಏನು ನುಂಗುತ್ತಿದ್ದನೋ ನನಗೆ ಗೊತ್ತಿಲ್ಲ ಎಂದು ಜಯಕುಮಾರ್ ಪೇಪರಿನವರಿಗೆ ಹೇಳಿದ.

"ಇವತ್ತಲ್ಲ ನಾಳೆ ಸಾರ್ ನಿಜ ಹೇಳ್ತಾರೆ ಬುಡು," ಎನ್ನುತ್ತ ನಟರಾಜು ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಸಾಗಿಸುವ ಆಟೋ ಓಡಿಸಿದ. ನಿನ್ನೆ ಅದರ ಸೀಟಿನಲ್ಲೇ ಎದೆ ಹಿಡಿದುಕೊಂಡು ಒರಗಿದವನು ಏಳಲಿಲ್ಲ. ಮೂವತ್ತೊಂದು ವರ್ಷ.

*

ಮಾಯಮ್ಮ ಹಾಲಿನ ಬಟ್ಟಲು ಹಿಡಿದು ಕೂತಿದ್ದಳು. ಒಬ್ಬೊಬ್ಬರೇ ಬಂದು ಹೆಣದ ಬಾಯಿಗೆ ಹಾಲು ಬಿಡುತ್ತಿದ್ದರು. ಜಯಕುಮಾರ್ ಬೂಟು ಬಿಚ್ಚದೆ ಬಗ್ಗಿ ಅಂಗೈ ಚಾಚಿದ. ಮಾಯಮ್ಮ ಹಾಲು ಹಾಕಿದಳು. ಜೊತೆಗೆ ಬಂದವನು ಮೊಬೈಲ್ ಎತ್ತಿ ಹಿಡಿದ.

"ನನ್ ಮಗ ಇದ್ದಂಗಿದ್ದ," ಎಂದ ಜಯಕುಮಾರ್, ಮೊಬೈಲಿನ ಕಡೆ ನೋಡಿ.

ಲತಾಮಣಿ ಗಂಡನ ಬಾಯಿಯ ಮೇಲೆ ಕೈ ಮುಚ್ಚಿದಳು.

"ಬೇಡಿ ಸಾರ್. ನಿಮ್ ಕೈಯಿಂದ ನುಂಗಿದ್ದು ಸಾಕು."

"ಸಾವಿನ ಮನೇಲಿ ಹಂಗನ್ಬಾರ್ದು ಕಣವ್ವ," ಎಂದ ಬೋರಲಿಂಗಯ್ಯ.

"ಮಾತ್ರೆ ಕೊಟ್ಟೋರು ಯಾರು ಅಂತ ಹೇಳ್ಲಿ ಮಾವ. ಮೊಬೈಲೂ ಆನ್ ಐತೆ. ಹೇಳಿದ್ರೆ ಕೈ ತೆಗೀತೀನಿ."

ಟವೆಲ್ಲಿನವನೂ ಇತ್ತ ತಿರುಗಿದ.

"ಹೋದೋನು ಹೋದ. ಈಗ್ಯಾಕ್ ತಾಯಿ ಅದೆಲ್ಲ?" ಜಯಕುಮಾರ್ ಜೊತೆಯವನಿಗೆ ಕಣ್ಸನ್ನೆ ಮಾಡಿದ. ಮೊಬೈಲು ಜೇಬು ಸೇರಿತು.

ಲತಾಮಣಿಯ ಕೈ ಕದಲಲಿಲ್ಲ. ಮಾಯಮ್ಮ ಬಟ್ಟಲನ್ನು ಸೆರಗಿನಡಿ ಎಳೆದುಕೊಂಡಳು.

ಜಯಕುಮಾರನ ಅಂಗೈ ಚಾಚಿದಂತೆಯೇ ಇತ್ತು. ಹಾಲು ಬೆರಳ ಸಂದಿಯಿಂದ ಇಳಿದು ಅವನ ಬಿಳಿ ಬೂಟಿನ ಮೇಲೆ ತೊಟ್ಟಿಕ್ಕಿತು. ಹೆಣದ ಮೇಲಿದ್ದ ನೊಣಗಳು ಒಂದೊಂದಾಗಿ ಅಲ್ಲಿಗೆ ಹೋದವು.