ಎರಡನೇ ಸ್ಟೀಲ್ ಗಿಟಾರ್

ಶ್ರುತಿ ನೋಡಿಕೊಳ್ಳುತ್ತಿದ್ದ ಅಕ್ಕ ತಲೆ ಎತ್ತಿದಾಗ ಎದುರಿನ ಕನ್ನಡಿಯಲ್ಲಿ ಇನ್ನೊಂದು ಉದ್ದನೆಯ ಪೆಟ್ಟಿಗೆ ಬಾಗಿಲು ದಾಟಿ ಒಳಗೆ ಬರುತ್ತಿತ್ತು. ಅಂಥ ಪೆಟ್ಟಿಗೆ ಅವಳಿಗೆ ಹೊಸದೇನಲ್ಲ. ಅದರೊಳಗೆ ಇಡುವುದು ಒಂದೇ ವಾದ್ಯ, ಆ ವಾದ್ಯ ನುಡಿಸುವುದಕ್ಕೆ ಈ ಬ್ಯಾಂಡಿನಲ್ಲಿ ತಾನಿದ್ದೇನಲ್ಲ. ಹಾಗಿದ್ದ ಮೇಲೆ ಇದು ಯಾರದಪ್ಪಾ ಎಂದು ಅವಳು ಕನ್ನಡಿಯನ್ನೇ ನೋಡುತ್ತಾ ಕೂತಳು.

"ಬಂದ್ರಾ, ಬನ್ನಿ ಬನ್ನಿ, ಆ ಕುರ್ಚಿ ಸ್ವಲ್ಪ ಸರಿಸ್ಕೊಳ್ಳಿ," ಎಂದ ಸಲೂನ್ ಯಜಮಾನ. ಬ್ಯಾಂಡಿನ ಯಜಮಾನನೂ ಅವನೇ, ಹಾಡುಗಾರನೂ ಅವನೇ. ವಾರದ ರಜೆಯ ದಿನ ತನ್ನ ಸಲೂನಿನ ಕುರ್ಚಿಗಳನ್ನೆಲ್ಲ ಗೋಡೆಗೆ ತಳ್ಳಿ, ನೆಲದ ಕೂದಲು ಗುಡಿಸಿ, ಅಭ್ಯಾಸಕ್ಕೆ ಜಾಗ ಮಾಡುವವನೂ ಅವನೇ. ಪೆಟ್ಟಿಗೆಯ ಹಿಂದಿದ್ದ ಮನುಷ್ಯ ಬೆಳಕಿಗೆ ಬಂದ. ಅಕ್ಕನ ಕೈಯಲ್ಲಿದ್ದ ಉಕ್ಕಿನ ತುಂಡು ತಂತಿಗಳ ಮೇಲೆ ಜಾರಿ ಕೀಂಯ್ ಎಂದಿತು.

"ಅಕ್ಕ, ಇವರು..." ಎಂದು ಯಜಮಾನ ಪರಿಚಯಕ್ಕೆ ಬಾಯಿ ತೆಗೆದ. ಬ್ಯಾಂಡಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುವುದು.

"ಗೊತ್ತು ಯಜಮಾನ್ರೇ," ಎಂದಳು ಅವಳು, "ಇವನಿಗೆ ನಾನು ನಿಜವಾಗ್ಲೂ ಅಕ್ಕ. ಒಂದೇ ತಾಯಿ ಹೊಟ್ಟೇಲಿ ಹುಟ್ಟಿದ್ದು."

ಡ್ರಮ್ ಹಿಂದೆ ಕೂತಿದ್ದ ದರ್ಜಿ ಕೈಯಲ್ಲಿದ್ದ ಕಡ್ಡಿಗಳನ್ನು ಕೆಳಗಿಟ್ಟ. ಯಜಮಾನ ಒಮ್ಮೆ ಇವಳ ಮೂಗು ನೋಡಿದ, ಒಮ್ಮೆ ಅವನ ಮೂಗು ನೋಡಿದ. ಒಂದೇ ಅಚ್ಚು.

"ಅಕ್ಕ ಇಲ್ಲಿ ನುಡಿಸ್ತಾಳೆ ಅಂತ ನಂಗೆ ಗೊತ್ತಿತ್ತು. ನೀವು ಭಾನುವಾರ ನುಡಿಸೋ ಹಾಲ್‌ನಲ್ಲಿ ಲಿಫ್ಟ್ ರಿಪೇರಿಗೆ ಹೋಗಿದ್ದಾಗ ಕೇಳಿಸ್ಕೊಂಡೆ," ಎಂದ ತಮ್ಮ ಪೆಟ್ಟಿಗೆಯ ಚಿಲಕ ತೆಗೆಯುತ್ತಾ. "ಇವರಿಗೆ ಹೇಳಿರಲಿಲ್ಲ ಅಷ್ಟೇ. ಹೇಳಿದ್ರೆ ಅಕ್ಕನ ಮುಖ ನೋಡಿ ಕರೆದ್ರು ಅಂತ ಆಗ್ತಿತ್ತು."

ಅಕ್ಕನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಇವನು ಯಾವಾಗ ಕಲಿತ? ಅವಳು ಊರ ತುಂಬ ಬಸ್ಸು ಓಡಿಸುವವಳು, ತಮ್ಮ ಬೇರೆ ಊರಲ್ಲಿ ಲಿಫ್ಟು ರಿಪೇರಿ ಮಾಡುತ್ತಿದ್ದವನು. ಯಾರಿಗಾದರೂ ಕಾಯಿಲೆ ಆದರೆ, ಯಾರದ್ದಾದರೂ ಮದುವೆ ಆದರೆ ಒಂದು ಫೋನು. ಈಚೆಗೆ ಈ ಊರಿಗೆ ವರ್ಗ ಆಯಿತೆಂದು ಒಂದು ಸಲ ಹೇಳಿದ್ದ. ಸ್ಟೀಲ್ ಗಿಟಾರಿನ ಸುದ್ದಿಯನ್ನು ಬಾಯಿ ತಪ್ಪಿಯೂ ಎತ್ತಿರಲಿಲ್ಲ.

ಪೆಡಲ್ ಸ್ಟೀಲ್ ಗಿಟಾರ್ ಅಂದರೆ ಹೆಗಲಿಗೆ ಹಾಕಿಕೊಳ್ಳುವ ಗಿಟಾರ್ ಅಲ್ಲ. ಇಸ್ತ್ರಿ ಮೇಜಿನ ಹಾಗೆ ನಾಲ್ಕು ಕಾಲಿನ ಮೇಲೆ ಮಲಗಿರುತ್ತದೆ. ನುಡಿಸುವವರು ಅದರ ಹಿಂದೆ ಕುರ್ಚಿ ಹಾಕಿಕೊಂಡು ಕೂರಬೇಕು. ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸುವುದು, ಬಲಗೈಯಲ್ಲಿ ಮೀಟುವುದು. ಕೆಳಗೆ ಮೂರು ಪೆಡಲು. ಒಂದೊಂದರಿಂದಲೂ ಒಂದೊಂದು ಸರಳು ಮೇಲಕ್ಕೆ ಹೋಗಿ ತಂತಿಗಳನ್ನು ಎಳೆಯುತ್ತದೆ. ಕಾಲು ಒತ್ತಿದರೆ ಸ್ವರ ಅಳುವ ಮಗು ಸುಮ್ಮನಾದ ಹಾಗೆ ಮೆಲ್ಲಗೆ ತಿರುಗುತ್ತದೆ. "ನನ್ನ ಹೊಲಿಗೆ ಮಿಷನ್ನಿಗೆ ತಂತಿ ಕಟ್ಟಿದ ಹಾಗಿದೆ," ಎಂದು ದರ್ಜಿ ಯಾವಾಗಲೂ ರೇಗಿಸುತ್ತಿದ್ದ.

"ಎರಡು ಸ್ಟೀಲ್ ಇರೋ ಬ್ಯಾಂಡು ಈ ಊರಲ್ಲೇ ಇಲ್ಲ," ಎಂದ ಯಜಮಾನ. "ಪಕ್ಕ ಪಕ್ಕ ಕೂರಿಸ್ತೀನಿ. ಒಬ್ಬರು ಕೇಳ್ಬೇಕು, ಇನ್ನೊಬ್ಬರು ಉತ್ತರ ಕೊಡ್ಬೇಕು. ಭಾನುವಾರ ಹಾಲ್‌ನಲ್ಲಿ ನೋಡೋಣ. ಕೂಡಿ ಬಂದ್ರೆ ಇಬ್ಬರೂ ಇರಿ. ಇಲ್ಲಾಂದ್ರೆ ಯಾರಾದ್ರೂ ಒಬ್ಬರು."

ಯಾರಾದರೂ ಒಬ್ಬರು ಅಂದರೆ ಯಾರು? ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಯಜಮಾನ ಎತ್ತಿದ ಕೈ. ಇಷ್ಟು ವರ್ಷ ಕೂತ ಕುರ್ಚಿಯಿಂದ ತಾನು ಏಳಬೇಕಾಗಬಹುದು ಎಂದು ಅಕ್ಕನಿಗೆ ಅನ್ನಿಸಿದ್ದು ಅದೇ ಮೊದಲು. ಬಸ್ಸಿನ ಸ್ಟೇರಿಂಗ್ ಬಿಟ್ಟರೆ ಅವಳಿಗೆ ತನ್ನದು ಅನ್ನಿಸುತ್ತಿದ್ದ ಜಾಗ ಅದೊಂದೇ.

ಅಭ್ಯಾಸ ಶುರುವಾಯಿತು. ತಮ್ಮ ಚೆನ್ನಾಗಿ ನುಡಿಸುತ್ತಿದ್ದ, ಅದನ್ನು ಒಪ್ಪಬೇಕು. ಆದರೆ ಇಬ್ಬರೂ ಸೇರಿದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗಾಗುತ್ತಿತ್ತು. ಅವಳು ಮುಗಿಸುವ ಮೊದಲೇ ಅವನು ಉತ್ತರ ಕೊಟ್ಟುಬಿಡುತ್ತಿದ್ದ, ಅವಳ ಮನಸ್ಸಿನಲ್ಲಿರುವುದನ್ನು ಮೊದಲೇ ಓದಿಕೊಂಡವನ ಹಾಗೆ. ಇಬ್ಬರೂ ಒಬ್ಬರನ್ನೊಬ್ಬರು ನೇರವಾಗಿ ನೋಡದೆ ಕನ್ನಡಿಯಲ್ಲೇ ನೋಡಿಕೊಳ್ಳುತ್ತಿದ್ದರು.

"ಏಳು ಸ್ವಲ್ಪ, ಹೇಗೆ ಅಂತ ತೋರಿಸ್ತೀನಿ," ಎಂದು ಕೊನೆಗೆ ಅಕ್ಕ ಅವನ ಕುರ್ಚಿಯಲ್ಲೇ ಹೋಗಿ ಕೂತಳು. ಮೀಟಿದಳು, ಎಡತುದಿಯ ಪೆಡಲು ಒತ್ತಿದಳು. ಏರಬೇಕಾದ ಸ್ವರ ಇನ್ನೆಲ್ಲೋ ಹೋಯಿತು. ಮತ್ತೆ ಒತ್ತಿದಳು. ಕಿವಿ ಮುಚ್ಚಿಕೊಳ್ಳಬೇಕು, ಹಾಗಿತ್ತು.

"ಇದೇನೋ ಹೀಗೆ ಕಟ್ಟಿದೀಯ?"

"ಕುಣಿಲಾರದವಳು ನೆಲ ಡೊಂಕು ಅಂದಳಂತೆ," ಎಂದ ದರ್ಜಿ ಹಿಂದಿನಿಂದ.

ಅಕ್ಕ ಬಗ್ಗಿ ನೋಡಿದಳು. ನೆಲ ನಿಜವಾಗಿಯೂ ಡೊಂಕಾಗಿತ್ತು. ಮೂರೂ ಪೆಡಲು ತಿರುಗುಮುರುಗು. ಅವಳಿಗೆ ಎಡತುದಿಯಲ್ಲಿರುವುದು ಅವನಿಗೆ ಬಲತುದಿಯಲ್ಲಿ. ಅಪ್ಪ ಕಲಿಸಿದ ಕ್ರಮ ಹಾಗಿರಲಿಲ್ಲ.

"ಯಾರು ಕಲಿಸಿದ್ದು ನಿಂಗೆ ಹೀಗೆ?"

"ನೀನೇ," ಎಂದ ತಮ್ಮ.

"ನಾನೆಲ್ಲಿ ಕಲಿಸಿದೆ?"

ಅವನು ನಕ್ಕು ತನ್ನ ಕುರ್ಚಿ ವಾಪಸ್ಸು ತೆಗೆದುಕೊಂಡ. ತಲೆಗೆ ಹುಳ ಬಿಡುವುದು ಅವನ ಹಳೆಯ ಚಾಳಿ.

ಮನೆಗೆ ಹೋಗುವಾಗ ಅಕ್ಕನಿಗೆ ಹಳೆಯದೆಲ್ಲ ನೆನಪಾಯಿತು. ಅಪ್ಪ ಹಳೆ ಮೇಜು ಕುರ್ಚಿ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಯಾರೂ ಕೊಳ್ಳದೆ ಬಿದ್ದಿದ್ದ ಈ ವಾದ್ಯವನ್ನು ಮನೆಗೆ ತಂದು, ತಾನು ಕಲಿತು, ಮಗಳಿಗೂ ಕಲಿಸಿದ. ಮಗಳ ಕೈ ಚುರುಕು, ಕಾಲು ಮಾತ್ರ ಪೆಡಲಿಗೆ ಎಟುಕುತ್ತಿರಲಿಲ್ಲ. ಅದಕ್ಕೆ ಅಪ್ಪನದೇ ಉಪಾಯ: ಅವಳಿಗಿಂತ ಚಿಕ್ಕವನಾದ ತಮ್ಮನನ್ನು ವಾದ್ಯದ ಮುಂದೆ ನೆಲದ ಮೇಲೆ ಅವಳ ಕಡೆ ಮುಖ ಮಾಡಿ ಕೂರಿಸಿ, ಪೆಡಲನ್ನು ಕೈಯಲ್ಲಿ ಒತ್ತಿಸುವುದು. ಗಾಳಿಯಲ್ಲಿ ತೂಗುವ ಅಕ್ಕನ ಕಾಲು ಎತ್ತ ಅಲುಗಿತೋ ಆ ಕಡೆಯ ಪೆಡಲು ಒತ್ತಬೇಕು. ಮುಂದೆ ಒಂದು ಹೂವಿನ ಚಿತ್ತಾರದ ದುಪ್ಪಟಿ ಇಳಿಬಿಟ್ಟರೆ ತಮ್ಮ ಯಾರಿಗೂ ಕಾಣುತ್ತಿರಲಿಲ್ಲ. ಇಷ್ಟು ಪುಟ್ಟ ಹುಡುಗಿ ಹೇಗೆ ನುಡಿಸುತ್ತಾಳೆ ನೋಡಿ ಎಂದು ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಕೊಟ್ಟ ಚಾಕೊಲೇಟನ್ನು ಅಕ್ಕ ಅರ್ಧ ಮುರಿದು ತಮ್ಮನಿಗೆ ಕೊಡುತ್ತಿದ್ದಳು, ಸುಳ್ಳು ಹೇಳಬಾರದು. ಚಪ್ಪಾಳೆಯನ್ನು ಹಾಗೆ ಮುರಿದುಕೊಡಲು ಬರುತ್ತಿರಲಿಲ್ಲ.

ಒಂದು ದಿನ ಅವಳ ಕಾಲು ಎಟುಕಿತು. "ಸಾಕು, ಎದ್ದು ಬಾ. ಇನ್ನು ನಿಂಗೆ ಅಲ್ಲಿ ಕೆಲಸ ಇಲ್ಲ," ಎಂದ ಅಪ್ಪ. ತಮ್ಮ ಮಂಡಿ ಒರೆಸಿಕೊಂಡು ಹೊರಗೆ ಆಡಲು ಓಡಿದ. ಪಾಪ, ಬಿಡುಗಡೆ ಆಯಿತು ಎಂದು ಎಲ್ಲರೂ ನಕ್ಕರು.

ಭಾನುವಾರಕ್ಕೆ ಇನ್ನೂ ಎರಡು ದಿನ ಇತ್ತು. ಬೆಳಿಗ್ಗೆ ಅವಳ ಬಸ್ಸಿಗೆ ತಮ್ಮ ಹತ್ತಿದ, ಸಲಕರಣೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಅವಳ ಸೀಟಿನ ಹಿಂದೆಯೇ ಕೂತ.

"ನಾನು ಕಲಿಸಿದೆ ಅಂದೆಯಲ್ಲ, ಯಾವಾಗ?" ಎಂದಳು ಅಕ್ಕ ರಸ್ತೆ ನೋಡುತ್ತಲೇ.

"ಚಾಲಕರ ಜೊತೆ ಮಾತಾಡಬಾರದು ಅಂತ ಇಲ್ಲಿ ಬರೆದಿದೆಯಮ್ಮ."

"ಹಲ್ಲು ಉದುರಿಸ್ತೀನಿ. ಹೇಳೋ."

ತಮ್ಮ ಚೀಲವನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದ. "ಅಪ್ಪ ಎದ್ದು ಬಾ ಅಂದ್ರಲ್ಲ, ಅವತ್ತು ಆಡೋಕೆ ಹೋಗಲಿಲ್ಲ ನಾನು. ಕಿಟಕಿ ಕೆಳಗೆ ನಿಂತು ಕೇಳಿದೆ. ಅದೇ ಹಾಡು, ಆದ್ರೆ ಅದಲ್ಲ. ಕೆಳಗಡೆ ಕೇಳ್ತಿತ್ತಲ್ಲ, ಅದು ಬೇರೆ. ಅದು ಮತ್ತೆ ಬೇಕು ಅನ್ನಿಸ್ತು. ದೊಡ್ಡವನಾದ ಮೇಲೆ ಒಂದು ಹಳೇದು ಸಿಕ್ತು, ಬಿಚ್ಚಿ ಕಟ್ಟಿಕೊಂಡೆ. ಎಷ್ಟು ವರ್ಷ ನುಡಿಸಿದ್ರೂ ಅದು ಸಿಗಲಿಲ್ಲ."

"ಬೇರೆ ಅಂದ್ರೆ ಹೇಗೆ ಬೇರೆ?"

"ಹೇಳೋಕೆ ಬರಲ್ಲ ಅಕ್ಕ. ಅಲ್ಲೇ ಕೂತು ಕೇಳ್ಬೇಕು." ಅವನು ಎದ್ದು ಗಂಟೆ ಒತ್ತಿದ. "ನಿಲ್ಸು, ನನ್ನ ಸ್ಟಾಪು ಬಂತು."

ಅವನು ಇಳಿದುಹೋದ. ಇಷ್ಟು ವರ್ಷ ತನ್ನ ಕೈಯಿಂದಲೇ ಬಂದ ಹಾಡಿನಲ್ಲಿ ತನಗೆ ಕೇಳದ ಒಂದು ಹಾಡು ಇತ್ತೇ? ಹಿಂದಿನ ಬಸ್ಸಿನವನು ಹಾರ್ನ್ ಹೊಡೆದಾಗಲೇ ಅವಳು ಗೇರ್ ಹಾಕಿದ್ದು.

ಭಾನುವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಜೋಡಿಗಳು ಕುಣಿಯಲು ಬಂದಿದ್ದರು, ಮುದುಕರು ಗೋಡೆ ಬದಿಯ ಬೆಂಚುಗಳಲ್ಲಿ ಕಾಲು ಚಾಚಿದ್ದರು. ವೇದಿಕೆಯ ಅಂಚಿನಲ್ಲಿ ದರ್ಜಿ ತಾನೇ ಹೊಲಿದ, ಬ್ಯಾಂಡಿನ ಹೆಸರಿನ ಉದ್ದನೆಯ ಬಟ್ಟೆಯನ್ನು ಕಟ್ಟಿದ್ದ. ಅದರ ಹಿಂದೆ ಎರಡು ಸ್ಟೀಲ್ ಗಿಟಾರ್ ಪಕ್ಕ ಪಕ್ಕ. ಹಾಡು ಸಾಗುತ್ತಿತ್ತು, ಕೂಡಿ ಬರುತ್ತಿರಲಿಲ್ಲ. ಯಜಮಾನ ಹಾಡುವಾಗಲೂ ಆಗಾಗ ತಿರುಗಿ ನೋಡುತ್ತಿದ್ದ. ಆ ನೋಟ ಒಮ್ಮೆ ಅವಳ ಮೇಲೆ, ಒಮ್ಮೆ ಅವನ ಮೇಲೆ ನಿಲ್ಲುತ್ತಿತ್ತು.

ಕೊನೆಗೆ ಉಳಿದದ್ದು ಅಪ್ಪ ಕಲಿಸಿದ್ದ ಹಳೆಯ ನಿಧಾನದ ಹಾಡು. ಅದಕ್ಕೆ ಮಾತಿಲ್ಲ, ಎರಡು ಸ್ಟೀಲ್ ಮಾತ್ರ. ದರ್ಜಿ ಸುಮ್ಮನೆ ಕಡ್ಡಿಯ ತುದಿ ತಾಗಿಸುತ್ತಿರಬೇಕು. ಅವಳು ಶುರುಮಾಡಿದಳು, ತಮ್ಮ ಎತ್ತಿಕೊಂಡ. ಎರಡನೇ ಸುತ್ತಿನಲ್ಲಿ ಅವನ ಕಡೆಯಿಂದ ಟಕ್ ಎಂಬ ಸದ್ದು ಬಂತು. ಮೂರು ಪೆಡಲು ಕೂರಿಸಿದ್ದ ಪಟ್ಟಿಯನ್ನು ವಾದ್ಯದ ಕಾಲಿಗೆ ಹಿಡಿದಿಟ್ಟಿದ್ದ ಕೊಂಡಿ ಮುರಿದು, ಪಟ್ಟಿ ನೆಲಕ್ಕೆ ಬಿದ್ದಿತ್ತು. ಮೂರು ಸರಳುಗಳೂ ಬುಡ ಬಿಟ್ಟು ಗಾಳಿಯಲ್ಲಿ ನೇತಾಡುತ್ತಿದ್ದವು. ತಮ್ಮನ ಕಾಲು ಸುಮ್ಮನೆ ನೆಲ ಒತ್ತುತ್ತಿತ್ತು, ಸ್ವರ ಇದ್ದಲ್ಲೇ ಬಿದ್ದಿತ್ತು. ಆದರೂ ತಮ್ಮ ತಂತಿಯಿಂದ ಕೈ ಎತ್ತಲಿಲ್ಲ. ಬೋಳು ಸ್ವರಗಳನ್ನೇ ಮೀಟುತ್ತಾ ಅಕ್ಕನ ಕಡೆ ನೋಡಿ, ನೀನು ಮುಂದುವರಿಸು ಎಂದು ತಲೆಯಾಡಿಸಿದ.

ಮುಂದುವರಿಸಬಹುದಿತ್ತು. ಅದೇನೂ ಕಷ್ಟದ ಹಾಡಲ್ಲ, ಒಬ್ಬಳೇ ಎಷ್ಟೋ ಸಲ ನುಡಿಸಿದ್ದಳು. ಅವಳು ಮುಗಿಸಿದರೆ ಚಪ್ಪಾಳೆ ಅವಳಿಗೆ, ಕುರ್ಚಿಯೂ ಅವಳಿಗೆ. ತಮ್ಮ ಪೆಟ್ಟಿಗೆ ಮುಚ್ಚಿಕೊಂಡು ಹೋಗುತ್ತಾನೆ, ಒಂದು ಮಾತೂ ಆಡದೆ. ಹಿಂದೆಯೂ ಹಾಗೇ ಹೋದವನು.

ಅಕ್ಕ ಉಕ್ಕಿನ ತುಂಡನ್ನು ಕೆಳಗಿಟ್ಟು ಎದ್ದಳು.

"ಅಕ್ಕ, ಎಲ್ಲಿಗೆ?" ಎಂದ ಯಜಮಾನ ಮೈಕಿನಿಂದ ಬಾಯಿ ತಿರುಗಿಸಿ.

ಅವಳು ಬ್ಯಾಂಡಿನ ಬಟ್ಟೆಗೂ ತಮ್ಮನ ವಾದ್ಯಕ್ಕೂ ನಡುವೆ ಇದ್ದ ಇಕ್ಕಟ್ಟಿನಲ್ಲಿ ನುಸುಳಿ, ಮಂಡಿ ಮಡಚಿ, ಅವನ ಕಡೆ ಮುಖ ಮಾಡಿ ನೆಲದ ಮೇಲೆ ಕೂತಳು. ಮಂಡಿ ಕಟಕ್ ಎಂದಿತು. ಕಣ್ಣ ಮುಂದೆ ಮೂರು ಸರಳು. ತಿರುಗುಮುರುಗು ಕಟ್ಟಿದವನು ಇವನು, ಯಾವುದು ಯಾವುದೆಂದು ಲೆಕ್ಕ ಹಾಕಬೇಕಲ್ಲ ಎಂದು ಕೈ ಚಾಚಿದವಳು ಹಾಗೇ ತಡೆದಳು. ಲೆಕ್ಕ ಬೇಕಿರಲಿಲ್ಲ. ಈ ಕಡೆಯಿಂದ ನೋಡಿದರೆ ಮೂರೂ ಅವಳ ಕ್ರಮದಲ್ಲೇ ಇದ್ದವು. ಅವಳ ಎಡಕ್ಕೆ ಅವಳ ಎಡತುದಿಯದು, ಬಲಕ್ಕೆ ಬಲತುದಿಯದು. ಎದುರಿಗೆ ಕೂತು ಕಲಿತ ಹುಡುಗ ತಾನು ಕಂಡ ಹಾಗೆಯೇ ಕಟ್ಟಿಕೊಂಡಿದ್ದ. ನೀನೇ ಕಲಿಸಿದ್ದು ಎಂದರೆ ಇದು.

ತಮ್ಮನ ಬೂಟು ಎಡಕ್ಕೆ ಅಲುಗಿತು. ಅದರ ನೇರಕ್ಕಿದ್ದ ಸರಳನ್ನು ಅವಳು ಕೆಳಗೆ ಎಳೆದಳು. ಮೇಲೆ ಸ್ವರ ತಿರುಗಿತು, ಮೆಲ್ಲಗೆ, ಸರಿಯಾಗಿ.

ಆಮೇಲೆ ಅವಳಿಗೆ ಕೇಳಿಸಿತು. ಸ್ವರ ಮೊದಲು ಕಿವಿಗೆ ಬರಲಿಲ್ಲ, ಸರಳಿನಿಂದ ಅಂಗೈಗೆ ಬಂತು, ಅಲ್ಲಿಂದ ಮೊಣಕೈಗೆ ಹತ್ತಿತು. ತಂತಿ ಬಿಗಿಯಾಗುವಾಗ ಮರ ಸಣ್ಣಗೆ ನರಳುತ್ತಿತ್ತು. ಉಕ್ಕು ಜಾರುವ ಉಸಿರು, ಉಗುರು ತಾಗುವ ಸದ್ದು, ಎಲ್ಲ ತಲೆಯ ಮೇಲೆ ಸೂರಿನ ಹಾಗೆ ಕವಿದಿತ್ತು. ಸ್ವರ ಏರುವ ಮೊದಲೇ ಅದು ಏರುತ್ತದೆಂದು ಕೈಗೆ ಗೊತ್ತಾಗುತ್ತಿತ್ತು. ಅದಕ್ಕೇ ಇವನು ಅವಸರದಲ್ಲಿ ಉತ್ತರ ಕೊಡುತ್ತಿದ್ದುದು. ಅಪ್ಪನ ಅದೇ ಹಾಡು; ಆದರೂ ಅಕ್ಕ ಅದನ್ನು ಹಿಂದೆಂದೂ ಕೇಳಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ಬೂಟು ನೋಡುವುದನ್ನೂ ಬಿಟ್ಟು ಕಣ್ಣು ಮುಚ್ಚಿದಳು. ಒಂದು ಸರಳೂ ತಪ್ಪಲಿಲ್ಲ.

ಹಾಡು ಮುಗಿಯಿತು. ಚಪ್ಪಾಳೆ ಬಿತ್ತು, ದೊಡ್ಡ ಚಪ್ಪಾಳೆ. ಬಟ್ಟೆಯ ಆಚೆಯಿಂದ ಬಂದು, ಅವಳ ತಲೆಯ ಮೇಲೆ ಹಾದು, ಕುರ್ಚಿಯಲ್ಲಿ ಕೂತವನ ಬಳಿಗೆ ಹೋಯಿತು. ಅವಳ ಹತ್ತಿರ ನಿಲ್ಲಲಿಲ್ಲ. ಅಕ್ಕ ಅದನ್ನು ಕೊನೆಯವರೆಗೂ ಕೇಳಿಸಿಕೊಂಡಳು.

"ನಮ್ಮ ಇಬ್ಬರು ಸ್ಟೀಲಿನವರಿಂದ ಇದೇ ಹಾಡು ಇನ್ನೊಂದು ಸಲ," ಎಂದು ಯಜಮಾನ ಮೈಕಿನಲ್ಲಿ ಹೇಳುವುದು ಕೇಳಿಸಿತು.

ತಮ್ಮನ ಮುಖ ತಲೆಕೆಳಗಾಗಿ ವಾದ್ಯದ ಕೆಳಗೆ ಇಳಿಯಿತು. ಕಣ್ಣು ಒದ್ದೆಯಾಗಿತ್ತು. "ಕಾಲು ಜೋಮು ಹಿಡೀತಾ? ನಿನ್ನ ಗಿಟಾರ್ ನಂಗೆ ಕೊಟ್ರೂ ಆ ಪೆಡಲಿನ ಕ್ರಮದಲ್ಲಿ ನಾನು ನುಡಿಸಲಾರೆ. ಎದ್ದು ಬರ್ತೀಯಾ ಅಕ್ಕ?"

"ಯಾಕೆ, ನಿಂಗೆ ಆಗ ಏಳೋಕೆ ಮನಸ್ಸಿತ್ತಾ?"

ಅವನು ಇಲ್ಲ ಎಂದು ತಲೆಯಾಡಿಸಿದ.

"ಹಾಗಿದ್ರೆ ಹೋಗಿ ಸರಿಯಾಗಿ ಕೂತು ನುಡಿಸು," ಎಂದಳು ಅಕ್ಕ. ಬೆವರಿದ ಅಂಗೈಗಳನ್ನು ಮಂಡಿಗೆ ಒರೆಸಿಕೊಂಡು, ಸರಳುಗಳನ್ನು ಹಿಡಿದು, ಅವನ ಬೂಟು ಅಲುಗುವುದನ್ನೇ ಕಾಯುತ್ತಾ ಕೂತಳು.